ಖಾಲಿ ಪಾತ್ರೆ ಕೊಡದ ಅವ್ವ

ನಮ್ಮವ್ವ ಯಾರ ಮನೆಯ ಪಾತ್ರೆಯನ್ನೂ ಖಾಲಿ ವಾಪಸ್ ಕೊಟ್ಟವಳಲ್ಲ. ಪಕ್ಕದ ಮನೆಯಿಂದ ಒಂದು ಬಟ್ಟಲು ಸಾರು ಬಂದರೆ ಆ ಬಟ್ಟಲನ್ನು ತೊಳೆದು, ಒರೆಸಿ, ಗೂಡಿನಲ್ಲಿ ಇಡುತ್ತಿದ್ದಳು. ಒಳಗೆ ಹಾಕಿ ಕಳಿಸಲು ಏನಾದರೂ ಸಿಗುವ ತನಕ ಅದಕ್ಕೆ ಬಿಡುಗಡೆಯಿಲ್ಲ. ಹುರಿದ ಶೇಂಗಾ ಆಗಬಹುದು, ಎರಡು ಈರುಳ್ಳಿ ಆಗಬಹುದು, ಏನೂ ಇಲ್ಲದ ದಿನ ಒಂದು ಹಿಡಿ ಸಕ್ಕರೆ. ಈ ಪದ್ಧತಿ ನಮ್ಮ ಕಡೆ ಎಲ್ಲರ ಮನೆಯಲ್ಲೂ ಇದೆ, ಆದರೆ ಅವ್ವ ಅದನ್ನು ಪಾಲಿಸುವ ಶಿಸ್ತು ನೋಡಿದರೆ ಯಾರೋ ಕಿಟಕಿಯಿಂದ ಇಣುಕಿ ಅವಳನ್ನು ಕಾಯುತ್ತಿದ್ದಾರೆ ಅನ್ನಬೇಕು. ಈ ಒಂದು ಗುಣಕ್ಕಾಗಿ ಅವಳ ದೀಕ್ಷಾಸ್ನಾನ ಆರು ವರ್ಷ ತಡವಾಯಿತು ಅಂದರೆ ಈಗ ಕೇಳಿದವರು ನಗುತ್ತಾರೆ. ಆಗ ನನಗೆ ನಗು ಬರುತ್ತಿರಲಿಲ್ಲ, ಸಿಟ್ಟು ಬರುತ್ತಿತ್ತು.

ಮೊಳಕಾಲ್ಮೂರಿನಲ್ಲಿ ನಮ್ಮದು ಮಗ್ಗದ ಮನೆ. ನಡುಮನೆಯ ಅರ್ಧ ಮಗ್ಗಕ್ಕೆ, ಉಳಿದ ಅರ್ಧ ನಮಗೆ. ನಾನು ಏಳನೇ ಕ್ಲಾಸಿನಲ್ಲಿದ್ದಾಗ ಅಪ್ಪ ತೀರಿಕೊಂಡರು. ನಮ್ಮ ಬೀದಿಯ ಕೊನೆಯಲ್ಲಿ ತಗಡಿನ ಶೀಟು ಹೊದಿಸಿದ ಒಂದು ಹಾಲ್ ಇತ್ತು, ಅದರಲ್ಲಿ ಭಾನುವಾರ ಕ್ರೈಸ್ತರ ಆರಾಧನೆ ನಡೆಯುತ್ತಿತ್ತು. ಅಲ್ಲಿಯ ಹೆಂಗಸರು ಅಪ್ಪ ಹೋದ ದಿನ ಬಂದರು, ಅವ್ವನ ಪಕ್ಕ ಕೂತರು, ಮೂರು ದಿನ ನಮ್ಮ ಒಲೆ ಹಚ್ಚಿದರು. ಹೆಚ್ಚು ಮಾತಾಡಲಿಲ್ಲ. ಅವ್ವ ಇದನ್ನು ಹಾಗೇ ಬಿಡುತ್ತಾಳೆಯೇ? ಮುಂದಿನ ವರ್ಷವಿಡೀ ಒಬ್ಬೊಬ್ಬರ ಮನೆಗೂ ಹೋಗಿ ನೂಲು ಸುತ್ತಿಕೊಟ್ಟಳು, ಬಾಣಂತನ ಮಾಡಿದಳು, ಹಪ್ಪಳ ಒತ್ತಿದಳು. ಹಾಗೆ ಹೋಗಿ ಬಂದು ಮಾಡುತ್ತಲೇ ಒಂದು ಭಾನುವಾರ ಹಾಲ್‌ನ ಚಾಪೆಯ ಮೇಲೆ ಕೂತಳು. ಆಮೇಲೆ ಪ್ರತಿ ಭಾನುವಾರ ನಾವಿಬ್ಬರೂ ಅಲ್ಲೇ.

ನಮ್ಮ ಸಭೆ ಅಂದರೆ ಮೂವತ್ತೋ ನಲವತ್ತೋ ಜನ. ನೇಕಾರರು, ಆಂಧ್ರದ ಗಡಿಯ ಹಳ್ಳಿಗಳಿಂದ ಕೂಲಿಗೆ ಬರುವವರು, ಒಬ್ಬ ಬಸ್ ಕಂಡಕ್ಟರು. ನಾವು ನಂಬಿದ್ದನ್ನೆಲ್ಲ ಬರೆದರೆ ಒಂದು ಪುಟಕ್ಕೆ ಮುಗಿಯುತ್ತದೆ. ಆದರೆ ಆ ಪುಟ ನಮ್ಮ ದಿನಗಳಲ್ಲಿ ಎಲ್ಲೆಲ್ಲಿ ಕೈ ಹಾಕುತ್ತಿತ್ತು ಅನ್ನುವುದು ದೊಡ್ಡ ಕತೆ. ಎಲ್ಲರನ್ನೂ ಒಬ್ಬನೇ ದೇವರು ತನ್ನ ಹೋಲಿಕೆಯಲ್ಲಿ ಮಾಡಿದ ಅಂತ ನಂಬಿದ್ದರಿಂದ ಹಾಲ್‌ನಲ್ಲಿ ಯಾರಿಗೂ ಕುರ್ಚಿ ಇರಲಿಲ್ಲ, ಕಂಡಕ್ಟರಿಗೂ ಕೂಲಿಯವನಿಗೂ ಒಂದೇ ಚಾಪೆ. ಯೇಸುಸ್ವಾಮಿ ಸತ್ತು ಮೂರನೇ ದಿನ ಎದ್ದರು, ನಾವೂ ಏಳುತ್ತೇವೆ ಅಂತ ನಂಬಿದ್ದರಿಂದ ಮಣ್ಣಿಗೆ ಹೋಗುವಾಗಲೂ ದಾರಿಯುದ್ದಕ್ಕೂ ಹಾಡುತ್ತಿದ್ದೆವು. ಅಳುತ್ತಲೇ ಹಾಡುವುದು, ಅದಕ್ಕೇ ಶ್ರುತಿ ಎಲ್ಲೆಲ್ಲೋ ಹೋಗುತ್ತಿತ್ತು. ದೇವರು ನಮ್ಮನ್ನು ಕ್ಷಮಿಸಿದ್ದಾನೆ ಅಂತ ನಂಬಿದ್ದರಿಂದ ಕರ್ತನ ಭೋಜನದ ಹಿಂದಿನ ಶನಿವಾರ ನಮ್ಮ ಬೀದಿಯಲ್ಲಿ ವಿಚಿತ್ರ ಓಡಾಟ ಇರುತ್ತಿತ್ತು. ಆ ತಿಂಗಳು ಯಾರ ಜೊತೆ ಜಗಳವಾಗಿದೆಯೋ ಅವರ ಮನೆಗೆ ಹೋಗಿ ರಾಜಿಯಾಗಿ ಬರಬೇಕು. ಬೀದಿಗೆಲ್ಲ ಒಂದೇ ನಲ್ಲಿಯ ಕಾಲ ಅದು, ಜಗಳಕ್ಕೆ ಬರವಿರಲಿಲ್ಲ. ನನ್ನ ನಾಲಿಗೆಯ ಪುಣ್ಯದಿಂದ ನನಗೆ ಅಂಥ ಪ್ರತಿ ಶನಿವಾರವೂ ಎರಡು ಮೂರು ಮನೆ ಇದ್ದೇ ಇರುತ್ತಿದ್ದವು.

ಯೇಸುಸ್ವಾಮಿಯ ಕೊನೆಯ ಊಟದ ನೆನಪಿನ ಆ ಭೋಜನ ತಿಂಗಳಿಗೊಮ್ಮೆ. ಕರಿ ದ್ರಾಕ್ಷಿ ಕುದಿಸಿ ಸೋಸಿದ ರಸ, ಒಂದೇ ಒಂದು ಸ್ಟೀಲ್ ಲೋಟದಲ್ಲಿ. ಊರಿನ ಹೋಟೆಲುಗಳಲ್ಲಿ ಯಾರಿಗೆ ಯಾವ ಲೋಟ ಅನ್ನುವ ವಿಚಾರ ಇನ್ನೂ ಪೂರ್ತಿ ಹೋಗಿರಲಿಲ್ಲ. ಇಲ್ಲಿ ಒಂದೇ ಲೋಟ ಕೈಯಿಂದ ಕೈಗೆ ಸಾಲಿನುದ್ದಕ್ಕೂ ಬರುತ್ತಿತ್ತು, ಎಲ್ಲರೂ ಅದೇ ಅಂಚಿಗೆ ಬಾಯಿಟ್ಟು ಕುಡಿಯುತ್ತಿದ್ದರು. ದೀಕ್ಷಾಸ್ನಾನ ಆಗದವರು ಕುಡಿಯುವಂತಿಲ್ಲ, ಪಕ್ಕದವರಿಗೆ ದಾಟಿಸಬೇಕು. ನಾನು ಹದಿನೆಂಟಕ್ಕೇ ದೀಕ್ಷಾಸ್ನಾನ ತೆಗೆದುಕೊಂಡಿದ್ದೆ. ಅವ್ವ ಎರಡೂ ಕೈಯಲ್ಲಿ ಲೋಟ ಹಿಡಿದು, ಒಳಗೆ ನೋಡದೆ, ನನಗೆ ಕೊಡುತ್ತಿದ್ದಳು. ಹುಟ್ಟಿದಾಗಿನಿಂದ ನನಗೆ ಉಣಿಸಿದವಳು ಪಕ್ಕದಲ್ಲಿ ಬರೀ ಬಾಯಲ್ಲಿ ಕೂತಿರುವಾಗ ನಾನು ಕುಡಿಯಬೇಕಾಗಿತ್ತು. ಒಂದೇ ಗುಟುಕು ಕುಡಿದು ಬೇಗ ಮುಂದೆ ಸಾಗಿಸುತ್ತಿದ್ದೆ.

ಅಡ್ಡ ಬಂದದ್ದು ಹತ್ತನೇ ಪ್ರಶ್ನೆ. ನೀರಿಗಿಳಿಯುವ ಮುಂಚೆ ಪಾಸ್ಟರು ಹತ್ತು ಪ್ರಶ್ನೆ ಕೇಳುತ್ತಿದ್ದರು. ಅವ್ವನಿಗೆ ಓದು ಬರುತ್ತಿರಲಿಲ್ಲ, ನಾನು ಓದಿ ಹೇಳುತ್ತಿದ್ದೆ, ಅವಳು ನೇಯುತ್ತಾ ಕೇಳಿಸಿಕೊಳ್ಳುತ್ತಿದ್ದಳು. ದೇವರು ಯಾರು, ಯೇಸುಸ್ವಾಮಿ ಯಾಕೆ ಸತ್ತರು, ಪವಿತ್ರಾತ್ಮ ಏನು ಮಾಡುತ್ತಾರೆ, ಒಂಬತ್ತಕ್ಕೂ ಅವಳ ಉತ್ತರ ನೀರು ಕುಡಿದಷ್ಟು ಸಲೀಸು. ಹತ್ತನೆಯದು: ನಿನ್ನ ರಕ್ಷಣೆಗಾಗಿ ನೀನು ಏನು ಮಾಡಿದೆ? ಅದಕ್ಕೆ ಉತ್ತರ: ನಾನೇನೂ ಮಾಡಲಿಲ್ಲ, ಎಲ್ಲವನ್ನೂ ಸ್ವಾಮಿಯೇ ಮಾಡಿದರು, ನಾನು ಬರೀ ತೆಗೆದುಕೊಂಡೆ.

ಮೊದಲನೇ ಸಲ ಪಾಸ್ಟರು ಇದನ್ನು ಕೇಳಿದಾಗ ಅವ್ವ ಲೆಕ್ಕ ಒಪ್ಪಿಸುವವಳ ಹಾಗೆ ಬೆರಳು ಮಡಿಸಿದಳು.

"ಶನಿವಾರ ಶನಿವಾರ ಹಾಲ್ ಗುಡಿಸ್ತೀನಿ ಅಯ್ನೋರೇ. ನೀರು ತುಂಬ್ತೀನಿ. ಯಾರಿಗಾನ ಹುಷಾರಿಲ್ಲ ಅಂದ್ರೆ ಹೋಗ್ತೀನಿ."

ಪಾಸ್ಟರು ಗಡಿಯಾಚೆಯವರು, ಅವರ ಕನ್ನಡದಲ್ಲಿ ತೆಲುಗು ಧಾರಾಳ. "ಅದಿ ಕಾದಮ್ಮಾ," ಅಂದರು, ಅದಲ್ಲಮ್ಮಾ ಅಂತ. "ಅದೆಲ್ಲ ಒಳ್ಳೇದೇ. ಆದ್ರೆ ಸ್ವಾಮಿ ಕೊಟ್ಟಿದ್ದು ಪುಕ್ಕಟೆ. ಅದಕ್ಕೆ ಬದಲು ಏನೂ ಕೊಡೋಕಾಗಲ್ಲ."

ಅವ್ವ ಮಡಿಸಿದ ಬೆರಳು ಬಿಚ್ಚಿದಳು. "ಪುಕ್ಕಟೆ ಅಂದ್ರೆ ನಂಗೆ ಆಗಲ್ಲ ಅಯ್ನೋರೇ," ಅಂದು ಸೆರಗು ಹೊದ್ದು ಎದ್ದು ಬಂದಳು.

ಅದಾದ ಮೇಲೆ ವರ್ಷಕ್ಕೊಮ್ಮೆ ಇದೇ ಆಟ. ಅಷ್ಟರಲ್ಲಿ ನನಗೆ ಚಳ್ಳಕೆರೆಯ ಒಂದು ಖಾಸಗಿ ಶಾಲೆಯಲ್ಲಿ ಟೀಚರ್ ಕೆಲಸ ಸಿಕ್ಕಿತ್ತು. ಅಲ್ಲೇ ಒಂದು ರೂಮು ಮಾಡಿಕೊಂಡಿದ್ದೆ, ಶನಿವಾರ ಮಧ್ಯಾಹ್ನದ ಬಸ್ಸಿಗೆ ಊರಿಗೆ ಬರುತ್ತಿದ್ದೆ. ಮಕ್ಕಳಿಗೆ ಮಗ್ಗಿ ಬಾಯಿಪಾಠ ಮಾಡಿಸಿ ಮಾಡಿಸಿ ನನಗೆ ಎಲ್ಲಕ್ಕೂ ಅದೇ ಮದ್ದು ಅನ್ನಿಸಿಬಿಟ್ಟಿತ್ತು. ಒಂದು ಸಲ ರೇಗಿ ಹೇಳಿದೆ, "ಅವ್ವಾ, ಅದನ್ನೇನು ಅಷ್ಟು ಯೋಚನೆ ಮಾಡ್ತೀಯಾ? ನಾನೇನೂ ಮಾಡ್ಲಿಲ್ಲ ಅಂತ ಬಾಯಿಪಾಠ ಹೇಳಿಬಿಡು, ಮುಗೀತು."

ಅವ್ವ ಮಗ್ಗ ನಿಲ್ಲಿಸಿ ನನ್ನ ಮುಖ ನೋಡಿದಳು. "ಸುಳ್ಳು ಹೇಳ್ಕೊಂಡು ನೀರಿಗಿಳೀಲಾ?"

"ಹಂಗಾದ್ರೆ ಸಾಯೋ ತನಕ ಲೋಟ ದಾಟಿಸ್ಕೊಂಡೇ ಕೂತಿರು," ಅಂದೆ. ಆಡಬಾರದ ಮಾತು. ಅವಳು ಲಾಳಿ ಎಸೆದಳು, ಮಗ್ಗ ಮತ್ತೆ ಶುರುವಾಯಿತು. ನಾನು ಬೆಳಗಿನ ಬಸ್ಸಿಗೇ ಚಳ್ಳಕೆರೆಗೆ ಹೋದೆ.

ಆ ಬೇಸಿಗೆಯ ಆರಂಭದಲ್ಲಿ ಅವ್ವ ನಲ್ಲಿಯ ಹತ್ತಿರ ಜಾರಿ ಬಿದ್ದಳು. ಬಲಗೈ ಮಣಿಕಟ್ಟಿನ ಮೂಳೆ ಮುರಿಯಿತು. ಆಸ್ಪತ್ರೆಯಲ್ಲಿ ಮೊಣಕೈ ತನಕ ಪಟ್ಟಿ ಹಾಕಿ ಆರು ವಾರ ಕೈ ಅಲ್ಲಾಡಿಸಬೇಡಿ ಅಂದರು. ಮಗ್ಗದ ಮೇಲೆ ಮದುವೆ ಸೀರೆ ಅರ್ಧಕ್ಕೆ ನಿಂತಿತ್ತು, ಮದುಮಗಳ ಮನೆಯವರಿಗೆ ದಿನ ಹೇಳಿಯಾಗಿತ್ತು. ನಾನು ಮಗ್ಗದ ಮನೆಯಲ್ಲಿ ಹುಟ್ಟಿಯೂ ನೇಯ್ಗೆಯಲ್ಲಿ ಶೂನ್ಯ. ನನ್ನ ಕೈಗೆ ಅಪ್ಪಿತಪ್ಪಿಯೂ ಯಾರೂ ರೇಷ್ಮೆ ಕೊಡುತ್ತಿರಲಿಲ್ಲ.

ಎರಡನೇ ದಿನ ಮೂಲೆಮನೆಯಾಕೆ ಬಂದಳು. ನಮ್ಮ ಸಭೆಯ ಅಡಿಗೆಗೆಲ್ಲ ಅವಳೇ ಯಜಮಾನಿ, ದನಿ ಮೂರು ಬೀದಿಗೆ ಕೇಳಿಸುವಂಥದ್ದು. ಒಂದು ಪಾತ್ರೆ ಬೇಳೆಸಾರು ಕೆಳಗಿಟ್ಟು, ಕೇಳದೆ ಮಾಡದೆ ಮಗ್ಗದ ಕೆಳಗಿನ ಗುಂಡಿಗೆ ಕಾಲು ಇಳಿಬಿಟ್ಟು ಅವ್ವನ ಮಗ್ಗದಲ್ಲಿ ಕೂತಳು. ನಾವೆಲ್ಲ ಒಂದೇ ಮೈಯ ಅಂಗಗಳು ಅನ್ನುವುದು ನಮ್ಮ ಸಭೆಯ ನಂಬಿಕೆ. ಒಂದು ಕೈ ಮುರಿದರೆ ಇನ್ನೊಂದು ಕೈ ಮಾಡಬೇಕು, ಅದರಲ್ಲಿ ಕೇಳುವುದೇನಿದೆ ಅನ್ನುವ ಹಾಗಿತ್ತು ಅವಳು ಕೂತ ಭಂಗಿ. ಅವಳ ಮನೆಯ ಕೆಲಸದ ಹೊತ್ತಿಗೆ ಇನ್ನೊಬ್ಬಳು, ಅವಳು ಎದ್ದರೆ ಮತ್ತೊಬ್ಬಳು. ಹೀಗೆ ನಾಲ್ಕು ಜನ ಸರದಿಯ ಮೇಲೆ ನೇಯ್ದರು.

ಅವ್ವ ಗೋಡೆಗೆ ಒರಗಿ ಕೂತು ಸಂಕಟಪಟ್ಟಳು. ನೇಯುವಾಗ ನೂಲನ್ನು ಒತ್ತಿ ಹೊಡೆಯುವ ಏಟು ಒಬ್ಬೊಬ್ಬರದು ಒಂದೊಂದು ಥರ, ಬಟ್ಟೆಯಲ್ಲಿ ಅದು ಗೊತ್ತಾಗಿಬಿಡುತ್ತದೆ. ಸೀರೆ ಮುಗಿದ ದಿನ ಎಡಗೈ ಬೆರಳನ್ನು ಅದರ ಮೇಲೆ ಆಡಿಸುತ್ತಾ ಹೇಳಿದಳು, "ಇಲ್ಲೀತನಕ ನಂದು. ಇಲ್ಲಿಂದ ಮೂಲೆಮನೆಯಾಕೆದು, ಕುಟ್ಟಿದಂಗೆ ಹೊಡೆದವಳೆ ನೋಡು. ಇದು ಕಂಡಕ್ಟರ ಹೆಂಡ್ರುದು, ಮೆತ್ತಗೈತೆ." ನನ್ನ ಕಣ್ಣಿಗೆ ಎಲ್ಲವೂ ಒಂದೇ ಕೆಂಪು. ಸೀರೆ ವ್ಯಾಪಾರಿಯ ಕಣ್ಣಿಗೂ ಹಾಗೇ ಕಂಡಿರಬೇಕು, ಮಡಿಸಿಕೊಂಡು ಹೋದ.

ಸೀರೆಯದು ಮುಗಿಯಿತು, ಪಾತ್ರೆಗಳದು ಮುಗಿಯಲಿಲ್ಲ. ಆರು ವಾರ ಒಬ್ಬರಾದ ಮೇಲೆ ಒಬ್ಬರು ಅಡಿಗೆ ಕಳಿಸಿದರು. ಅವ್ವ ಒಂದೇ ಕೈಯಲ್ಲಿ ಬೂದಿ ಹಾಕಿ ಉಜ್ಜಿ, ತೊಳೆದು, ಗೂಡಿನಲ್ಲಿಟ್ಟಳು. ಒಳಗೆ ಹಾಕಲು ಏನಾದರೂ ಮಾಡಬೇಕೆಂದರೆ ಕೈಯಿಲ್ಲ. ಖಾಲಿ ಕೊಡಲು ಮನಸ್ಸಿಲ್ಲ. ಗೂಡು ತುಂಬಿತು, ಮಗ್ಗದ ಪಕ್ಕದ ಹಲಗೆ ತುಂಬಿತು, ಕೊನೆಗೆ ನನ್ನ ಹಳೇ ಪುಸ್ತಕದ ಪೆಟ್ಟಿಗೆಯ ಮೇಲೂ ಕುಕ್ಕರು ಬಂದು ಕೂತಿತು. ಶನಿವಾರ ಬಂದವಳು ಇದು ಮನೆಯೋ ಪಾತ್ರೆ ಅಂಗಡಿಯೋ ಅಂದೆ. ನಾನೇ ಏನಾದರೂ ಮಾಡಿ ತುಂಬಿ ಕೊಟ್ಟು ಬರುತ್ತೇನೆ ಅಂದರೆ, "ನೀನು ಮಾಡಿದ್ದು ನಂದು ಹೆಂಗಾಗುತ್ತೆ?" ಅಂದಳು. ಸ್ವಲ್ಪ ಹೊತ್ತು ಬಿಟ್ಟು, "ನೀನು ಮಾಡಿದ್ದನ್ನ ತಿಂದ್ರೆ ಅವ್ರು ನಮ್ ಮೇಲೇ ಮುನಿಸ್ಕೊಂತಾರೆ," ಅಂತಲೂ ಸೇರಿಸಿದಳು. ಕೈ ಮುರಿದಿದ್ದರೂ ನಾಲಿಗೆಗೇನೂ ಆಗಿರಲಿಲ್ಲ.

ಪುನರುತ್ಥಾನದ ಹಬ್ಬ ಬಂತು. ಹಿಂದಿನ ಶನಿವಾರ ಬೆಳಿಗ್ಗೆ ಮೂಲೆಮನೆಯಾಕೆ ನಾಲ್ಕೈದು ಹೆಂಗಸರನ್ನು ಕಟ್ಟಿಕೊಂಡು ನಮ್ಮ ಬಾಗಿಲಿಗೆ ಬಂದು ಸೊಂಟಕ್ಕೆ ಕೈಯಿಟ್ಟಳು. ಅವ್ವನ ಪಟ್ಟಿ ಬಿಚ್ಚಿ ಎರಡು ದಿನವಾಗಿತ್ತು, ಕೈ ಇನ್ನೂ ಸೆಟೆದುಕೊಂಡಿತ್ತು. ರಜಾ ಅಂತ ನಾನೂ ಮನೆಯಲ್ಲಿದ್ದೆ.

"ಅಕ್ಕಾ, ನಮ್ ಪಾತ್ರೆ ಕೊಡಕ್ಕಾ. ನಾಳೆ ಹಬ್ಬದ ಅಡಿಗೆ ಐತೆ. ಯಾರ ಮನೆಗೆ ಹೋಗಿ ಕೇಳಿದ್ರೂ ನಮ್ದು ಅಕ್ಕನ ಮನೇಲೈತೆ ಅಂತಾರೆ. ಸಾರು ಎದ್ರಾಗೆ ಕಾಯಿಸ್ಲಿ, ಬೊಗಸೇಲಾ?"

"ಎರಡು ದಿನ ತಡಿಯೇ. ಕೈ ನೆಟ್ಟಗಾಗ್ಲಿ, ಏನಾನ ಮಾಡಿ ಹಾಕಿ ಕಳಿಸ್ತೀನಿ."

"ಹಬ್ಬ ತಡಿಯಲ್ಲಕ್ಕಾ."

ಅವ್ವ ಒಳಗೆ ಹೋಗಿ ಡಬ್ಬಿಗಳನ್ನೆಲ್ಲ ತಡಕಿದಳು. ಆರು ವಾರ ಅಂಗಡಿಗೆ ಹೋಗದ ಮನೆ, ಸಿಕ್ಕಿದ್ದು ಒಂದು ಸಣ್ಣ ಬೆಲ್ಲದ ತುಂಡು. ಅದನ್ನೇ ಒಡೆದು ಒಂದು ಚೂರು ಒಂದು ಪಾತ್ರೆಗೆ, ಇನ್ನೊಂದು ಇನ್ನೊಂದಕ್ಕೆ ಹಾಕಿದಳು. ಮೂರಕ್ಕೆ ಬೆಲ್ಲ ಮುಗಿಯಿತು. ಇನ್ನೂ ಹನ್ನೊಂದು ಪಾತ್ರೆ ಇದ್ದವು. ಅವ್ವ ಅವುಗಳ ಮುಂದೆ ನಿಂತುಬಿಟ್ಟಳು. 

ಮೂಲೆಮನೆಯಾಕೆ ಒಳಗೆ ಬಂದಳು. ಮೂರು ಪಾತ್ರೆಯಿಂದಲೂ ಬೆಲ್ಲದ ಚೂರು ಆರಿಸಿಕೊಂಡು ಅವ್ವನ ಬಾಯಿಗೆ ಹಾಕಿದಳು. "ತಿನ್ನು. ನಿಂಗ್ಯಾರು ಏನ್ ಕೇಳಿದ್ರು? ಪಾತ್ರೆ ಕೊಡು ಅಂದೆ, ಪಾತ್ರೆ ಕೊಡು."

ಬಾಯಿ ತುಂಬ ಬೆಲ್ಲ ಇದ್ದವಳು ವಾದ ಮಾಡುವುದು ಹೇಗೆ? ಅವ್ವ ಒಂದೊಂದೇ ಪಾತ್ರೆ ಎತ್ತಿ ಬಾಗಿಲಲ್ಲಿ ನಿಂತವರ ಕೈಗೆ ಕೊಟ್ಟಳು. ಖಾಲಿ. ಮೊದಲ ನಾಲ್ಕೈದು ಕೊಡುವಾಗ ಮುಖ ಕೆಳಗಿತ್ತು, ಕಣ್ಣಲ್ಲಿ ನೀರಿತ್ತು. ಆಮೇಲೆ ಯಾರೋ, "ಇದು ನಂದಲ್ಲಕ್ಕಾ, ನಂದಕ್ಕೆ ಕಿವಿ ಮುರಿದೈತೆ," ಅಂದರು, ಇನ್ನೊಬ್ಬರು ಆ ಕಿವಿ ಮುರಿದದ್ದು ತಮ್ಮದೆಂದರು, ಗದ್ದಲವಾಯಿತು, ಅವ್ವನೇ ಯಾರದು ಯಾವುದೆಂದು ತೀರ್ಪು ಕೊಡಬೇಕಾಯಿತು. ಕೊನೆಯ ಕುಕ್ಕರು ಹೋಗುವಾಗ ಅವಳು ನಗುತ್ತಿದ್ದಳು. ಹೆಂಗಸರು ಹೋದ ಮೇಲೆ ಗೂಡು ಬರಿದಾಗಿ ಮನೆಯೇ ದೊಡ್ಡದಾದಂತೆ ಕಂಡಿತು.

ಅವ್ವ ಬೆಲ್ಲದ ಬಾಯಿ ಒರೆಸಿಕೊಂಡು ಮಗ್ಗದ ಗುಂಡಿಯ ಅಂಚಿಗೆ ಕೂತಳು. "ಆ ಹತ್ತನೇದು ಕೇಳು," ಅಂದಳು.

ನನಗೆ ಮೊದಲು ತಿಳಿಯಲಿಲ್ಲ. ತಿಳಿದಾಗ ಟೀಚರ್ ದನಿಯೇ ಹೊರಡಲಿಲ್ಲ. "ನಿನ್ನ ರಕ್ಷಣೆಗಾಗಿ ನೀನು ಏನು ಮಾಡಿದೆ?"

"ಏನೂ ಇಲ್ಲ," ಅಂದಳು. "ಉಂಡೆ."

ಅವತ್ತು ರಾಜಿಯ ಶನಿವಾರ. ಬೀದಿಯ ಮನೆಗಳಿಗೆಲ್ಲ ಹೋಗಿ ಬರುತ್ತಿದ್ದ ನಾನು ನಮ್ಮ ಮನೆಯಲ್ಲೇ ಒಬ್ಬಳಿದ್ದಾಳೆ ಅನ್ನುವುದನ್ನು ಇಷ್ಟು ದಿನ ಮರೆತಿದ್ದೆ. ಲೋಟ ದಾಟಿಸ್ಕೊಂಡೇ ಕೂತಿರು ಅಂದಿದ್ದೆನಲ್ಲ ಅವ್ವಾ, ತಪ್ಪಾಯ್ತು ಅಂದೆ. "ಯಾವಾಗ ಅಂದಿದ್ದೆ?" ಅಂದಳು. ಅವಳಿಗೆ ಚೆನ್ನಾಗಿ ನೆನಪಿತ್ತು, ನನಗೆ ಗೊತ್ತು. ಕ್ಷಮಿಸಿದ್ದಕ್ಕೆ ಬದಲಾಗಿ ಅವಳು ನನ್ನಿಂದಲೂ ಏನೂ ಕೇಳಲಿಲ್ಲ.

ಮಧ್ಯಾಹ್ನ ಹಾಲ್‌ಗೆ ಹೋದೆವು. ಪಾಸ್ಟರು ಹತ್ತೂ ಪ್ರಶ್ನೆ ಕೇಳಿದರು. ಹತ್ತನೆಯದಕ್ಕೆ ಅವ್ವ ಅದೇ ಉತ್ತರ ಕೊಟ್ಟಳು. ಪಾಸ್ಟರು ಕೈಯಲ್ಲಿದ್ದ ಹಾಳೆಯನ್ನೊಮ್ಮೆ ನೋಡಿ, "ನಾನು ಬರ್ಕೊಟ್ಟಿದ್ದಕ್ಕಿಂತ ಇದೇ ಬಾಗುಂದಮ್ಮಾ," ಅಂದರು, ಚೆನ್ನಾಗಿದೆ ಅಂತ.  ಅಲ್ಲಿಂದ ಏಳುವಾಗ ಅವ್ವ ಪೊರಕೆ ತೆಗೆದುಕೊಂಡು ಎಡಗೈಯಲ್ಲಿ ಹಾಲ್ ಗುಡಿಸತೊಡಗಿದಳು. ಇನ್ನೂ ಯಾಕವ್ವಾ ಅಂದೆ. "ಕಸ ಐತೆ, ಕಾಣಲ್ವಾ?" ಅಂದಳು.

ದೀಕ್ಷಾಸ್ನಾನ ಅಂದರೆ ನಮ್ಮಲ್ಲಿ ಪೂರ್ತಿ ಮುಳುಗಬೇಕು. ಸ್ವಾಮಿಯ ಜೊತೆ ಸತ್ತು ಹೂತುಹೋಗಿ ಮತ್ತೆ ಎದ್ದ ಗುರುತು ಅದು, ತಲೆಗೆ ನೀರು ಚಿಮುಕಿಸಿದರೆ ಸಾಲದು. ಕೆರೆ ಒಣಗಿ ಹುಡುಗರು ಕ್ರಿಕೆಟ್ ಆಡುತ್ತಿದ್ದರು. ಬೀದಿಯಾಚೆ ರೇಷ್ಮೆಗೆ ಬಣ್ಣ ಹಾಕುವ ಸಾಬರದೊಂದು ದೊಡ್ಡ ಸಿಮೆಂಟಿನ ತೊಟ್ಟಿ ಇತ್ತು, ಬೋರಿನ ನೀರೂ ಇತ್ತು. ಪಾಸ್ಟರು ಕೇಳಿದ ಕೂಡಲೇ ಸಾಬರು ಒಪ್ಪಿದರು. "ಅಲ್ಲಾನ ನೀರು, ನಂದೇನೈತೆ, ಬರ್ರಿ," ಅಂದು ತೊಟ್ಟಿಯನ್ನು ಎರಡು ಸಲ ತಿಕ್ಕಿಸಿ ತೊಳೆಸಿದರು. ಆದರೆ ವರ್ಷಗಟ್ಟಲೆ ಬಣ್ಣ ಕುಡಿದ ಗೋಡೆ, ಎರಡು ತಿಕ್ಕಿಗೆ ಬಗ್ಗುತ್ತದೆಯೇ? ಅದು ನಮಗಾರಿಗೂ ಹೊಳೆಯಲಿಲ್ಲ. ಊರು ತುಂಬ ನೇಕಾರರೇ ಇದ್ದೂ ಹೊಳೆಯಲಿಲ್ಲ ಅನ್ನುವುದೇ ನಾಚಿಕೆಯ ಮಾತು.

ಹಬ್ಬದ ಬೆಳಿಗ್ಗೆ ಅವ್ವ ಬಿಳೀ ಸೀರೆಯುಟ್ಟು ತೊಟ್ಟಿಗೆ ಇಳಿದಳು. ಪಾಸ್ಟರು ತಂದೆಯ, ಮಗನ, ಪವಿತ್ರಾತ್ಮನ ಹೆಸರಿನಲ್ಲಿ ಅಂದು ಅವಳನ್ನು ಮುಳುಗಿಸಿ ಎತ್ತಿದರು. ಎದ್ದು ನಿಂತ ಅವ್ವ ಅಡಿಯಿಂದ ಮುಡಿಯ ತನಕ ಗುಲಾಬಿ. ಪಾಸ್ಟರ ಬಿಳೀ ಪಂಚೆಯೂ ಸೊಂಟದ ತನಕ ಗುಲಾಬಿ. ಹಾಡು ಅರ್ಧಕ್ಕೆ ನಿಂತಿತು. ಸಾಬರು ಹಣೆ ಚಚ್ಚಿಕೊಂಡು, "ಎರಡು ಸಲ ತೊಳೆಸಿದ್ನಲ್ಲಕ್ಕಾ," ಅಂದರು. ಅವ್ವ ನೀರು ಸೋರುವ ಸೆರಗನ್ನು ಬೆಳಕಿಗೆ ಹಿಡಿದು ನೇಯುವವಳ ಕಣ್ಣಲ್ಲಿ ನೋಡಿದಳು.

"ಸಮಕ್ಕೆ ಹಿಡಿದೈತೆ ಸಾಬರೇ. ಎಲ್ಲೂ ಕಲೆ ಇಲ್ಲ."

ಮೊದಲು ನಕ್ಕವರು ಸಾಬರು. ಆಮೇಲೆ ಯಾರು ಯಾರನ್ನು ಹಿಡಿಯಬೇಕೋ ತಿಳಿಯದ ಹಾಗೆ ಎಲ್ಲರೂ ನಕ್ಕೆವು. ಪಾಪ ತೊಳೆದು ಬಿಳುಪಾಗುವುದರ ಮೇಲೆ ಪಾಸ್ಟರು ಪ್ರಸಂಗ ಬರೆದುಕೊಂಡು ಬಂದಿದ್ದರು. ಅದನ್ನು ಮಡಿಸಿ ಜೇಬಿಗಿಟ್ಟು ಅವತ್ತು ಬೇರೆ ಏನೋ ಮಾತಾಡಿದರು. ಹೊರಡುವಾಗ ಅವ್ವ ಸಾಬರಿಗೆ ಏನಾದರೂ ಕೊಡುವ ಮಾತೆತ್ತುತ್ತಾಳೆ ಅಂತ ನಾನು ಕಾದೆ. ಅವಳು ಕೈ ಮುಗಿದು, "ಉಪಕಾರ ಆಯ್ತು," ಅಂದಳು, ಅಷ್ಟೇ.

ಆರಾಧನೆಯಲ್ಲಿ ಅವ್ವ ಆ ಗುಲಾಬಿ ಸೀರೆಯಲ್ಲೇ ಕೂತಳು, ಅರೆಬರೆ ಆರಿತ್ತು. ರೊಟ್ಟಿ ಮುರಿದು ಹಂಚಿದರು. ಲೋಟ ಹೊರಟಿತು. ಹೊಸದಾಗಿ ದೀಕ್ಷಾಸ್ನಾನ ಆದವರು ಕೊನೆಗೆ ಕುಡಿಯುವುದು ನಮ್ಮ ರೂಢಿ, ಹಾಗಾಗಿ ಈ ಸಲ ಲೋಟ ನನ್ನ ಕೈಯಿಂದ ಅವಳ ಕೈಗೆ ಹೋಗಬೇಕಿತ್ತು. ನಾನು ಕುಡಿದು ಕೊಟ್ಟೆ. ಒಳಗೆ ಎರಡು ಗುಟುಕು ಉಳಿದಿತ್ತು.

ಅವ್ವ ಮೊದಲ ಸಲ ಲೋಟದ ಒಳಗೆ ನೋಡಿದಳು. ಆಮೇಲೆ ಕುಡಿದಳು. ಒಂದು ಗುಟುಕು ಕುಡಿದು ತಡೆದಳು. ತಳದಲ್ಲಿ ಸ್ವಲ್ಪವಾದರೂ ಬಿಟ್ಟು ಕೊಡುತ್ತಾಳೆ ಇವಳು, ಇವಳ ಜನ್ಮದ ಗುಣ ನನಗೆ ಗೊತ್ತಿಲ್ಲವೇ ಅಂದುಕೊಂಡೆ. ಅವಳು ತಲೆ ಹಿಂದಕ್ಕೆ ಮಾಡಿ ಕೊನೆಯ ಹನಿಯ ತನಕ ಕುಡಿದಳು. ಸೆರಗಿನ ತುದಿಯಿಂದ ಲೋಟದ ಅಂಚು ಒರೆಸಿದಳು. ಇನ್ನೂ ನೆಟ್ಟಗಾಗದ ಬಲಗೈಯನ್ನು ಎಡಗೈಯಿಂದ ಆನಿಸಿ, ಪಾಸ್ಟರ ಮುಖವನ್ನೇ ನೋಡುತ್ತಾ, ಖಾಲಿ ಲೋಟ ವಾಪಸ್ ಕೊಟ್ಟಳು.